ಐವತ್ತೆಂಟು ಸಲ ಅಗಿದೆ, ನನಗೇನಾದರೂ ಆಗಿದೆಯೇ?

ಮೇಡಂ,

ನನಗೆ 57 ವರ್ಷ. ಹಾಸನ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಎಡಗಡೆ ಕೆಳಗಿನ ಎರಡು ದವಡೆ ಹಲ್ಲು ಕೀಳಿಸಿದ್ದು ಬಿಟ್ಟರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ. ಮಗಳು ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ವಿಷಯದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಕಾಯಿಲೆಯಿಲ್ಲದ ದೊಡ್ಡವರು ಹೇಗೆ ಅಗಿಯುತ್ತಾರೆ, ಹೇಗೆ ನುಂಗುತ್ತಾರೆ ಎಂದು ಅಳೆಯುವುದು ಅವಳ ಅಧ್ಯಯನವಂತೆ. ಕಾಲೇಜಿನಲ್ಲಿ ಶುರು ಮಾಡುವ ಮೊದಲು ಕೈ ಪಳಗಲಿ ಅಂತ, ಯುಗಾದಿಗೆ ಬಂದಾಗ ನನ್ನನ್ನೂ ಪಕ್ಕದ ಮನೆಯ ಸೊಸೆಯನ್ನೂ ಕೂರಿಸಿಕೊಂಡಳು. ಒಂದು ಉಪ್ಪು ಬಿಸ್ಕತ್ತು ತಿನ್ನಿಸಿದಳು. ಕಪ್ಪಿನಲ್ಲಿ ಕಚ್ಚಿ ನೀರು ಕುಡಿಯಲು ಹೇಳಿದಳು, ನಮ್ಮ ಮನೆಯಲ್ಲಿ ಎಲ್ಲರೂ ಚೊಂಬು ಎತ್ತಿ ಕುಡಿಯುವವರೇ. ಗಂಟಲ ಮೇಲೆ ಬೆರಳಿಟ್ಟು ಅರ್ಧ ನಿಮಿಷದಲ್ಲಿ ಎಷ್ಟು ಸಲ ಉಗುಳು ನುಂಗುತ್ತೇನೆ ಅಂತ ಎಣಿಸಿದಳು. ಕೆಮ್ಮು ಗಿಮ್ಮು ಏನೂ ಬರಲಿಲ್ಲ. 'ಚೆನ್ನಾಗಿದೆ ಬಿಡಮ್ಮ' ಅಂದಳು.

ರಾತ್ರಿ ಅವಳ ನೋಟ್‌ಬುಕ್ ಮೇಜಿನ ಮೇಲಿತ್ತು. ನೋಡಿಬಿಟ್ಟೆ. ಒಂದು ಬಿಸ್ಕತ್ತಿಗೆ ನಾನು 4 ಸಲ ಕಚ್ಚಿದ್ದೇನೆ, 58 ಸಲ ಅಗಿದಿದ್ದೇನೆ, 3 ಸಲ ನುಂಗಿದ್ದೇನೆ, ಒಟ್ಟು 66 ಸೆಕೆಂಡು. ಪಕ್ಕದ ಮನೆಯವಳು 31 ಸಲ ಅಗಿದು 34 ಸೆಕೆಂಡಿಗೆ ಮುಗಿಸಿದ್ದಾಳೆ. 100 ಮಿ.ಲೀ. ನೀರಿಗೆ ನನಗೆ 12 ಸೆಕೆಂಡು, ಅವಳಿಗೆ 6. ಉಗುಳು ನಾನು 4 ಸಲ, ಅವಳು 8 ಸಲ. ಎಲ್ಲದರಲ್ಲೂ ಅವಳ ಅರ್ಧ ನಾನು.

ಅವತ್ತಿನಿಂದ ಉಗುಳು ನುಂಗಿದಾಗಲೆಲ್ಲ ಗಂಟಲಲ್ಲಿ ಏನೋ ನಿಂತ ಹಾಗಿದೆ. ಉಣ್ಣುವಾಗ ಇರುವುದಿಲ್ಲ, ಸುಮ್ಮನೆ ಕೂತಾಗ ಬರುತ್ತದೆ. ನಮ್ಮಮ್ಮ ಲಕ್ವ ಹೊಡೆದು ಮಲಗಿದ್ದಾಗ ನಾನೇ ಗಂಜಿ ಕುಡಿಸುತ್ತಿದ್ದೆ. ಕೆಮ್ಮಿದರೆ ನೆತ್ತಿ ಹತ್ತಿತು ಅಂತ ತಲೆ ತಟ್ಟುತ್ತಿದ್ದೆ. ಹದಿನೆಂಟನೇ ದಿನ ನ್ಯುಮೋನಿಯಾ ಆಗಿ ಹೋದರು. ಅನ್ನ ಶ್ವಾಸಕೋಶಕ್ಕೆ ಇಳಿದಿತ್ತು ಅಂತ ಆಮೇಲೆ ಆಸ್ಪತ್ರೆಯವರು ಹೇಳಿದರು. ನನಗೂ ಅದೇ ಶುರುವಾಗಿದೆಯೇ? ಮಗಳಿಗೆ ಹೇಳಿಲ್ಲ. ಅವಳಿಗೆ ಪರೀಕ್ಷೆ ಹತ್ತಿರ ಬಂತು.

– ಹೆಸರು ಬೇಡ

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಮಿಕ್ಕದ್ದನ್ನು ನಿಧಾನವಾಗಿ ಓದಿಕೊಳ್ಳಿ. ನಿಮ್ಮ ಅಮ್ಮನಿಗೆ ಆದದ್ದು ನಿಮಗೆ ಶುರುವಾಗಿದೆ ಎನ್ನುವ ಅಂಕಿ ಆ ನೋಟ್‌ಬುಕ್ಕಿನಲ್ಲಿ ಒಂದೂ ಇಲ್ಲ. ಎರಡು ದವಡೆ ಹಲ್ಲಿಲ್ಲದ, ಕಪ್ಪಿನಲ್ಲಿ ಕುಡಿದು ಅಭ್ಯಾಸವಿಲ್ಲದ 57ರ ಹೆಂಗಸೊಬ್ಬರು ಯಾವ ಅವಸರವೂ ಇಲ್ಲದೆ ಬಿಸ್ಕತ್ತು ತಿಂದು ನೀರು ಕುಡಿದ ಲೆಕ್ಕ ಅದು. ನಿಮ್ಮ ಮಗಳು ಹೇಳಿದ್ದು ಸಮಾಧಾನದ ಮಾತಲ್ಲ, ಸರಿಯಾದ ಮಾತು.

ಮಾತು ಮತ್ತು ನುಂಗುವಿಕೆಯ ಚಿಕಿತ್ಸೆಯಲ್ಲಿ 26 ವರ್ಷ ಕಳೆದವಳು ನಾನು. ಆರೋಗ್ಯವಂತರನ್ನು ಕೂರಿಸಿಕೊಂಡು ಹೀಗೆ ಬಿಸ್ಕತ್ತು ತಿನ್ನಿಸಿ ಎಣಿಸಿದ್ದೇನೆ, ಎಣಿಸುವುದನ್ನು ಮಕ್ಕಳಿಗೆ ಕಲಿಸಿದ್ದೇನೆ. ಬಂದವರಲ್ಲಿ ಒಬ್ಬರಾದರೂ ಎದ್ದು ಹೋಗುವಾಗ 'ನಂದು ಹೇಗಿದೆ ಮೇಡಂ, ಪಾಸಾ?' ಎಂದು ಕೇಳದೆ ಹೋದದ್ದಿಲ್ಲ. ಪರೀಕ್ಷೆ ಅನ್ನುವ ಪದವೇ ನಮ್ಮನ್ನು ಹಾಗೆ ಪಳಗಿಸಿದೆ. ಆದರೆ ಈ ಪರೀಕ್ಷೆಯಲ್ಲಿ ನೀವು ಪಾಸಾಗುವವರೂ ಅಲ್ಲ, ಫೇಲಾಗುವವರೂ ಅಲ್ಲ. ನಿಮ್ಮೂರಿನ ಕಣದಲ್ಲಿ ರಾಗಿ ಅಳೆಯುವುದನ್ನು ನೋಡಿದ್ದೀರಿ. ರಾಗಿಗೆ ಮೊದಲು ಕೊಳಗ ಬೇಕು. ಲಕ್ವ ಹೊಡೆದವರೊಬ್ಬರು ಬಿಸ್ಕತ್ತು ತಿನ್ನಲು ಒಂದೂವರೆ ನಿಮಿಷ ತೆಗೆದುಕೊಂಡರೆ ಅದು ಹೆಚ್ಚೋ ಕಡಿಮೆಯೋ ಎಂದು ಹೇಳಬೇಕಾದರೆ, ಅದೇ ವಯಸ್ಸಿನ, ಅದೇ ಊಟದ, ಕಾಯಿಲೆಯಿಲ್ಲದ ಮಂದಿಗೆ ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಮೊದಲೇ ಅಳೆದಿಟ್ಟಿರಬೇಕು. ನಿಮ್ಮನ್ನು ಕೂರಿಸಿದ್ದು ಆ ಕೊಳಗ ಮಾಡುವುದಕ್ಕೆ. ನೀವು ನಿಮ್ಮನ್ನೇ ರಾಗಿಯೆಂದುಕೊಂಡು ಅಳೆದುಕೊಂಡಿರಿ.

ಈಗ ಒಂದೊಂದೇ ಅಂಕಿಗೆ ಬರೋಣ.

ಬಿಸ್ಕತ್ತಿನ ಪರೀಕ್ಷೆಯನ್ನು ರೂಪಿಸಿದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ, ಮ್ಯಾಗಿ-ಲೀ ಹಕ್ಕಬೀ ಮತ್ತು ಜೊತೆಯವರು. ಆರೋಗ್ಯವಂತರ ಅಂಕಿಗಳನ್ನು ಹಲವು ದೇಶಗಳಿಂದ ಸೇರಿಸಿ 2018ರಲ್ಲಿ ಪ್ರಕಟಿಸಿದರು. ಹೆಸರು 'ಟೊಮಾಸ್'. 'ಆರಾಮವಾಗಿ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ತಿನ್ನಿ, ಮುಗಿದ ಮೇಲೆ ನಿಮ್ಮ ಹೆಸರು ಹೇಳಿ' ಎಂದಷ್ಟೇ ಸೂಚನೆ. ಬಾಯಿ ಖಾಲಿಯಾಗದೆ ಹೆಸರು ಸ್ಪಷ್ಟವಾಗಿ ಹೊರಡುವುದಿಲ್ಲ, ಅಲ್ಲಿಗೆ ಗಡಿಯಾರ ನಿಲ್ಲಿಸುತ್ತೇವೆ. ನುಂಗಿದ ಮೇಲೆ ದನಿ ಹೇಗಿದೆ ಎನ್ನುವುದೂ ಅದೇ ಹೊತ್ತಿಗೆ ಕಿವಿಗೆ ಬೀಳುತ್ತದೆ. ಒಣ ಉಪ್ಪು ಬಿಸ್ಕತ್ತೇ ಏಕೆಂದರೆ ಅದು ಬಾಯಿಯ ಕೈಲಿ ಕೆಲಸ ಮಾಡಿಸುತ್ತದೆ. ಹಲ್ಲು ಪುಡಿ ಮಾಡಬೇಕು, ಉಗುಳು ಆ ಪುಡಿಯನ್ನು ಕಲಸಬೇಕು, ನಾಲಗೆ ಕೆನ್ನೆಯ ಸಂದಿಯಿಂದ ಎಲ್ಲವನ್ನೂ ಗುಡಿಸಿ ತಂದು ಉಂಡೆ ಕಟ್ಟಬೇಕು. ಇದರಲ್ಲಿ ಯಾವುದು ಕುಂದಿದರೂ ಎಣಿಕೆಯಲ್ಲಿ ಕಾಣುತ್ತದೆ.

ಆ ದೊಡ್ಡ ಅಧ್ಯಯನದಲ್ಲೇ ಗೊತ್ತಾದ ಮೂರು ಸಂಗತಿ ನಿಮಗೆ ಬೇಕಾದವು. ವಯಸ್ಸಾದಂತೆ ಅಗಿಯುವ ಸಲವೂ ಹೊತ್ತೂ ಹೆಚ್ಚುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಹೊತ್ತು ಬೇಕು. ಬಿಸ್ಕತ್ತಿನ ಬ್ರ್ಯಾಂಡ್ ಬದಲಾದರೆ ಎಣಿಕೆಯೇ ಬದಲಾಗುತ್ತದೆ. ಪಕ್ಕದ ಮನೆಯ ಸೊಸೆಗೆ ವಯಸ್ಸೆಷ್ಟು ಎಂದು ನೀವು ಬರೆದಿಲ್ಲ. ಮೂವತ್ತರ ಆಸುಪಾಸು ಇರಬಹುದು. ಹಾಗಿದ್ದರೆ ಅವಳ 31 ನಿಮಗೆ ಅಳತೆಯೇ ಅಲ್ಲ. ನಿಮ್ಮ ಓರಗೆಯವರು, ನಿಮ್ಮ ಹಾಗೆ ಒಂದು ಕಡೆ ಹಲ್ಲು ಕಳೆದುಕೊಂಡವರು ಎಷ್ಟು ಸಲ ಅಗಿಯುತ್ತಾರೆ ಎನ್ನುವುದು ಅಳತೆ.

ಹಲ್ಲಿನ ಮಾತಿಗೆ ಸ್ವಲ್ಪ ನಿಲ್ಲುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 58ರ ಮೇಲಲ್ಲ, ಆ ಎರಡು ದವಡೆ ಹಲ್ಲಿನ ಮೇಲೆ. ದವಡೆ ಹಲ್ಲು ಬೀಸುಕಲ್ಲಿನ ಹಾಗೆ. ಕೆಳಗಿನ ಕಲ್ಲಿಲ್ಲದೆ ಮೇಲಿನ ಕಲ್ಲಿಗೆ ಕೆಲಸವಿಲ್ಲ. ಕೆಳಗೆ ಎರಡು ಹೋದರೆ ಮೇಲಿನ ಎರಡೂ ಅಗಿಯುವ ಲೆಕ್ಕದಿಂದ ಹೋದ ಹಾಗೆಯೇ. ಆಗ ಬಾಯಿ ಬಲಗಡೆಗೆ ಎಲ್ಲವನ್ನೂ ದೂಡಿಕೊಂಡು ಅಗಿಯುತ್ತದೆ, ಸಲ ಹೆಚ್ಚಾಗುತ್ತದೆ. ಅಗಿಯುವ ಶಕ್ತಿಯನ್ನು ಅಳೆಯುವುದು ಇವತ್ತಿನದಲ್ಲ. 1950ರಲ್ಲೇ ಅಮೆರಿಕದ ಮ್ಯಾನ್ಲಿ ಮತ್ತು ಬ್ರೇಲಿ ಎಂಬಿಬ್ಬರು ಕಡಲೇಕಾಯಿ ಬೀಜ ಅಗಿಸಿ, ನುಂಗಿಸದೆ ಉಗಿಸಿಕೊಂಡು, ಜರಡಿ ಹಿಡಿದು ಎಷ್ಟು ನುಣ್ಣಗಾಗಿದೆ ಎಂದು ನೋಡಿದ್ದರು. ಈಗ ಎರಡು ಬಣ್ಣದ ಚೂಯಿಂಗ್ ಗಮ್ ಕೊಟ್ಟು, ಗೊತ್ತಾದಷ್ಟು ಸಲ ಅಗಿಸಿ, ಬಣ್ಣ ಎಷ್ಟು ಬೆರೆತಿದೆ ಎಂದು ನೋಡುವುದುಂಟು. ಈ ಎಲ್ಲ ಕೆಲಸದಿಂದ ತಿಳಿದದ್ದು, ಹಲ್ಲು ಕಡಿಮೆಯಾದವರಲ್ಲಿ ಎರಡು ಬಗೆ. ಕೆಲವರು ಹೆಚ್ಚು ಸಲ ಅಗಿದು ಸರಿದೂಗಿಸುತ್ತಾರೆ. ಕೆಲವರು ಅಷ್ಟೇ ಅಗಿದು ದೊಡ್ಡ ಚೂರನ್ನೇ ನುಂಗಿಬಿಡುತ್ತಾರೆ. ಗಂಟಲಿಗೆ ಕಷ್ಟ ಎರಡನೆಯವರಿಂದ. ನೀವು ಮೊದಲನೆಯ ಬಗೆಯವರು. ನಿಮ್ಮ 58, ಸೋತ ಬಾಯಿಯ ಅಂಕಿಯೆಂದು ನನಗೆ ಅನ್ನಿಸುವುದಿಲ್ಲ. ಇರುವ ಹಲ್ಲಿನಲ್ಲಿ ಬೇಕಾದಷ್ಟು ಕೆಲಸ ಮಾಡಿ ಮುಗಿಸಿಯೇ ಗಂಟಲಿಗೆ ಒಪ್ಪಿಸಿದ ಬಾಯಿಯದು.

ನನಗೆ ಒಬ್ಬ ಅಜ್ಜಿಯ ನೆನಪಾಗುತ್ತಿದೆ. ಆರೋಗ್ಯವಂತ ಹಿರಿಯರನ್ನು ಸೇರಿಸಿಕೊಳ್ಳುತ್ತಿದ್ದಾಗ ಮೊಮ್ಮಗನ ಜೊತೆ ಬಂದವರು, ಎಪ್ಪತ್ತು ದಾಟಿದ್ದರು, ಮುಂದೆ ಮೂರು ಹಲ್ಲು. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿಕೊಳ್ಳಲೇ ಎಂದು ಕೇಳಿದರು. ಹಾಗೆ ಮಾಡುವಂತಿಲ್ಲ ಎಂದೆ. ಬಿಸ್ಕತ್ತನ್ನು ಬೆರಳಲ್ಲೇ ಮುರಿದು, ಚೂರನ್ನು ಅಂಗುಳಕ್ಕೆ ನಾಲಗೆಯಿಂದ ಒತ್ತಿ ಒತ್ತಿ ಕರಗಿಸಿ ತಿಂದರು. ನಮ್ಮ ಎಣಿಕೆ ನೂರು ದಾಟಿತು. ಆದರೆ ನುಂಗುವ ಗಳಿಗೆಯಲ್ಲಿ ಅವರ ಗಂಟಲು ಏರಿ ಇಳಿದದ್ದನ್ನು ನೋಡಬೇಕಿತ್ತು, ಒಂದೇ ಏಟಿಗೆ, ಚೊಕ್ಕವಾಗಿ. ಹೆಸರು ಹೇಳಿದ ದನಿ ಗಂಟೆಯ ಹಾಗಿತ್ತು. ಅಗಿಯುವುದು ಒಂದು, ನುಂಗುವುದು ಇನ್ನೊಂದು ಎಂದು ಅವತ್ತು ಅಲ್ಲಿದ್ದ ವಿದ್ಯಾರ್ಥಿಗಳಿಗೆ ನಾನು ಪಾಠ ಮಾಡುವ ಅಗತ್ಯವೇ ಬರಲಿಲ್ಲ.

ನೀರಿನ ಅಂಕಿಯ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ನಾಳೆ ನೀವೇ ಎಲ್ಲಾದರೂ ಓದಿ ಇನ್ನಷ್ಟು ಹೆದರುವುದು ನನಗೆ ಬೇಡ. 100 ಮಿ.ಲೀ.ಗೆ 12 ಸೆಕೆಂಡು ಎಂದರೆ ಸೆಕೆಂಡಿಗೆ 8 ಮಿ.ಲೀ. ಚಿಲ್ಲರೆ. ನರರೋಗ ಇರುವವರ ನುಂಗುವಿಕೆ ಅಳೆಯಲು 1992ರಲ್ಲಿ ಬ್ರಿಟನ್ನಿನ ವೈದ್ಯರು ಹಾಕಿದ ಒಂದು ಗೆರೆ ಇದೆ. ಸೆಕೆಂಡಿಗೆ 10 ಮಿ.ಲೀ.ಗಿಂತ ನಿಧಾನವಾದರೆ ಇನ್ನೊಮ್ಮೆ ಗಮನಿಸಿ ಎನ್ನುವ ಗೆರೆ. ನಿಮ್ಮದು ಅದರ ಕೆಳಗಿದೆ. ಹಾಗಿದ್ದೂ ನಾನು ಧೈರ್ಯವಾಗಿ ಇರುವುದಕ್ಕೆ ಕಾರಣ ನೀವೇ ಬರೆದ ಒಂದು ವಾಕ್ಯ: 'ನಮ್ಮ ಮನೆಯಲ್ಲಿ ಎಲ್ಲರೂ ಚೊಂಬು ಎತ್ತಿ ಕುಡಿಯುವವರೇ.' ಎಂಜಲಾಗಬಾರದೆಂದು ಚಿಕ್ಕಂದಿನಿಂದ ಎತ್ತಿ ಕುಡಿದವರಿಗೆ ಕಪ್ಪನ್ನು ತುಟಿಗೆ ಕಚ್ಚಿ ಒಂದೇ ಸಮ ಗಟಗಟನೆ ಕುಡಿಯುವುದು ಬೇರೆಯೇ ವಿದ್ಯೆ. ಗುಟುಕಿಗೆ ಗುಟುಕಿಗೆ ನಿಲ್ಲುತ್ತಾರೆ. ಬಿಸಿ ಕಾಫಿ ಕುಡಿಯುವ ಹಾಗೆ ಹೀರುತ್ತಾರೆ. ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಆರೋಗ್ಯವಂತರಲ್ಲೂ ಹೆಂಗಸರು ಗಂಡಸರಿಗಿಂತ ನಿಧಾನ, ವಯಸ್ಸಾದಂತೆ ಇನ್ನೂ ನಿಧಾನ. ನೀರಿನ ಪರೀಕ್ಷೆಯಲ್ಲಿ ಸೆಕೆಂಡಿಗಿಂತ ಮೊದಲು ನಾವು ನೋಡುವುದು ಬೇರೆ. ಕುಡಿಯುವಾಗ ಅಥವಾ ಕುಡಿದ ಒಂದು ನಿಮಿಷದೊಳಗೆ ಕೆಮ್ಮಿದರೇ? ಮಧ್ಯೆ ನಿಲ್ಲಿಸಿ ಉಸಿರಿಗೆ ಒದ್ದಾಡಿದರೇ? ಆಮೇಲೆ ಮಾತಾಡಿಸಿದರೆ ದನಿಯಲ್ಲಿ ನೀರು ಗೊರಗುಟ್ಟಿದ ಸದ್ದಿದೆಯೇ? ನಿಮಗೆ ಇವ್ಯಾವುದೂ ಇರಲಿಲ್ಲ. ಒಂದು ವಾರ ಕಪ್ಪಿನಲ್ಲೇ ನೀರು ಕುಡಿದು ರೂಢಿ ಮಾಡಿಕೊಂಡು ಇನ್ನೊಮ್ಮೆ ಅಳೆಸಿ ನೋಡಿ, ಅಂಕಿ ಬದಲಾಗುತ್ತದೆ ಎನ್ನುವುದು ನನ್ನ ಅನುಭವ. ಮಗಳಿಗೂ ಇದನ್ನು ಹೇಳಿ. ಎತ್ತಿ ಕುಡಿಯುವವರೋ ಕಚ್ಚಿ ಕುಡಿಯುವವರೋ ಎಂದು ಒಂದು ಕಾಲಂ ಸೇರಿಸಿಕೊಳ್ಳಲಿ. ಬೇರೆ ದೇಶದ ಗೆರೆಯನ್ನು ನಮ್ಮ ಮನೆಯ ಚೊಂಬಿನ ಮೇಲೆ ಎಳೆಯುವ ಮೊದಲು ಅದು ಬೇಕೇ ಬೇಕು.

ಉಗುಳಿನ ಎಣಿಕೆಗೆ ಹೆಚ್ಚು ಮಾತು ಬೇಡ. ಆ ಪರೀಕ್ಷೆ ಜಪಾನಿನದು, 2000ದಲ್ಲಿ ಬಂದದ್ದು. 30 ಸೆಕೆಂಡಿನಲ್ಲಿ 3ಕ್ಕಿಂತ ಕಡಿಮೆಯಾದರೆ ಮಾತ್ರ ಅನುಮಾನ. ನೀವು 4. ಬಾಯಿ ಒಣಗಿದ್ದರೆ, ಯಾರಾದರೂ ಗಂಟಲ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತ ಕೂತಿದ್ದರೆ, ಎರಡು ಸಲ ನುಂಗಿದ ಮೇಲೆ ನುಂಗಲು ಉಗುಳೇ ಇರುವುದಿಲ್ಲ. ಆ ಹುಡುಗಿಗೆ ಎಂಟು ಬಂದದ್ದು ವಯಸ್ಸಿನ ಕಾರಣಕ್ಕೆ ಇರಬಹುದು.

ಇನ್ನು ನಿಮ್ಮ ನಿಜವಾದ ತೊಂದರೆ, ಗಂಟಲಲ್ಲಿ ಏನೋ ನಿಂತ ಹಾಗಿರುವುದು. ಅದನ್ನು ಅರ್ಥ ಮಾಡಿಕೊಳ್ಳಲು ನುಂಗುವುದು ಏನೆಂದು ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಿ. ಒಮ್ಮೆ ಮಾತ್ರ. ತೋರುಬೆರಳನ್ನು ಗದ್ದದ ಕೆಳಗಿನ ಮೆತ್ತನೆಯ ಜಾಗದಲ್ಲಿಡಿ, ನಡುಬೆರಳನ್ನು ಕತ್ತಿನ ಮುಂದೆ ಗಟ್ಟಿಯಾಗಿ ಸಿಗುವ ಉಬ್ಬಿನ ಮೇಲೆ ಹಗುರಾಗಿ ಇಡಿ. ಒಂದು ಗುಟುಕು ನೀರು ಕುಡಿಯಿರಿ. ಮೊದಲು ನಾಲಗೆ ಹಿಂದಕ್ಕೆ ಒತ್ತುತ್ತದೆ, ಮರುಗಳಿಗೆ ಆ ಉಬ್ಬು ನಿಮ್ಮ ಬೆರಳನ್ನು ದಾಟಿ ಮೇಲಕ್ಕೆ ಹಾರಿ ಕೆಳಗೆ ಬಂದು ಕೂರುತ್ತದೆ. ಆ ಉಬ್ಬು ಧ್ವನಿಪೆಟ್ಟಿಗೆ. ಅದು ಮೇಲಕ್ಕೂ ಮುಂದಕ್ಕೂ ಸರಿದು ನಾಲಗೆಯ ಬುಡದ ಕೆಳಗೆ ಅಡಗುತ್ತದೆ, ಎಲೆಯಂಥ ಮುಚ್ಚಳವೊಂದು ಶ್ವಾಸನಾಳದ ಬಾಯಿಗೆ ಬಾಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಉಸಿರು ಒಂದು ಸೆಕೆಂಡಿಗೂ ಕಡಿಮೆ ಹೊತ್ತು ತಾನಾಗಿ ನಿಲ್ಲುತ್ತದೆ, ಅನ್ನನಾಳದ ಬಾಗಿಲು ತೆರೆಯುತ್ತದೆ. ಇದೆಲ್ಲ ಸುಮಾರು ಒಂದು ಸೆಕೆಂಡಿನ ಕೆಲಸ. ಆಮೇಲೆ ತುತ್ತು ಅನ್ನನಾಳದಲ್ಲಿ ಎಂಟು-ಹತ್ತು ಸೆಕೆಂಡು ಇಳಿಯುತ್ತದೆ. ಶುರು ಮಾಡುವುದು ಮಾತ್ರ ನಮ್ಮ ಇಚ್ಛೆ. ಶುರುವಾದ ಮೇಲೆ ಮಿದುಳಿನ ಬುಡ ಅದನ್ನು ವಹಿಸಿಕೊಂಡು ನಡೆಸುತ್ತದೆ.

ನಡೆದುಕೊಂಡು ಹೋಗುವಾಗ ಪ್ರತಿ ಹೆಜ್ಜೆಯನ್ನೂ ನೋಡುತ್ತ ನಡೆದರೆ ಏನಾಗುತ್ತದೆಂದು ಗೊತ್ತಲ್ಲ? ನುಂಗುವುದನ್ನು ಕಾವಲು ಕಾಯ್ದರೂ ಅದೇ ಆಗುತ್ತದೆ. ಬಾಯಲ್ಲಿ ಏನೂ ಇಲ್ಲದೆ ಮತ್ತೆ ಮತ್ತೆ ನುಂಗಿದರೆ ಗಂಟಲಿನ ಸ್ನಾಯು ಬಿಗಿಯುತ್ತದೆ. ಬಿಗಿದ ಸ್ನಾಯು ಏನೋ ಸಿಕ್ಕಿಕೊಂಡ ಹಾಗೆ ಅನ್ನಿಸುತ್ತದೆ. ಸಿಕ್ಕಿದ್ದನ್ನು ಇಳಿಸಲು ಮತ್ತೆ ನುಂಗುತ್ತೀರಿ. ಇದಕ್ಕೆ ವೈದ್ಯರು 'ಗ್ಲೋಬಸ್' ಎನ್ನುತ್ತಾರೆ. ಗುರುತು ಹಿಡಿಯುವ ಕೀಲಿಯನ್ನು ನೀವೇ ಬರೆದಿದ್ದೀರಿ: ಉಣ್ಣುವಾಗ ಇಲ್ಲ, ಸುಮ್ಮನೆ ಕೂತಾಗ ಇದೆ. ನಿಜವಾದ ನುಂಗುವ ತೊಂದರೆ ಇದರ ತಿರುವುಮುರುವು. ಸುಮ್ಮನಿದ್ದಾಗ ನೆನಪಿಗೇ ಬರುವುದಿಲ್ಲ, ಎಲೆಯ ಮುಂದೆ ಕೂತಾಗ ಬರುತ್ತದೆ.

ಹಾಸನದ ಕಡೆಯವರೆಂದರೆ ದಿನಕ್ಕೊಂದು ಹೊತ್ತಾದರೂ ಮುದ್ದೆ ಇರುತ್ತದೆ ಎಂದುಕೊಳ್ಳುತ್ತೇನೆ. ಮುದ್ದೆಯನ್ನು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಅಗಿಯದೆ ಒಳಗೆ. ವಿಜಯಪುರದ ಕಡೆಯ ನನ್ನ ಗೆಳತಿಯೊಬ್ಬಳು, ಕಟಕಟ ಅನ್ನುವ ಸಜ್ಜೆ ರೊಟ್ಟಿ ಅಗಿದು ಬೆಳೆದವಳು, ಮೊದಲ ಸಲ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡು ಕೂತಿದ್ದಳು. ಒಂದು ತುತ್ತು ಸುರಕ್ಷಿತವಾಗಿ ಇಳಿಯಬೇಕಾದರೆ ಅದರಲ್ಲಿ ಒರಟು ಚೂರಿರಬಾರದು, ಜಾರುವಷ್ಟು ತೇವ ಇರಬೇಕು. ರೊಟ್ಟಿಯಲ್ಲಿ ಈ ಎರಡನ್ನೂ ಹಲ್ಲು ಮತ್ತು ಉಗುಳು ಮಾಡಬೇಕು. ಮುದ್ದೆಯಲ್ಲಿ ಮೊದಲನೆಯದನ್ನು ಒಲೆ ಮತ್ತು ಮುದ್ದೆ ಕೋಲು ಮಾಡಿಟ್ಟಿರುತ್ತವೆ, ಎರಡನೆಯದನ್ನು ಸಾರು. ಆದರೆ ಅಷ್ಟು ದೊಡ್ಡ, ಅಂಟುವ ಉಂಡೆಯನ್ನು ಒಂದೇ ನುಂಗಿಗೆ ಇಳಿಸಲು ನಾಲಗೆಯ ಒತ್ತು ಬೇಕು, ಗಂಟಲಿನ ಏರಿಳಿತ ಬೇಕು, ಅನ್ನನಾಳದ ಬಾಗಿಲು ಪೂರ್ತಿ ತೆರೆಯಬೇಕು. ನುಂಗುವ ತೊಂದರೆ ಇರುವವರಿಗೆ ನಾವು ಮೊದಲು ನಿಲ್ಲಿಸುವ ಪದಾರ್ಥಗಳಲ್ಲಿ ಇಂಥ ಅಂಟು ಪದಾರ್ಥವೂ ಒಂದು. ಯುಗಾದಿಯ ಮೊದಲೂ ಆಮೇಲೂ ಮುದ್ದೆ ಒಂದೇ ಹಾಗೆ ಇಳಿಯುತ್ತಿದೆ ಎಂದರೆ ನಿಮ್ಮ ಗಂಟಲು ದಿನವೂ ಬಿಸ್ಕತ್ತಿಗಿಂತ ಕಷ್ಟದ ಕೆಲಸ ಮಾಡಿ ತೋರಿಸುತ್ತಿದೆ.

ಹತ್ತು ಪ್ರಶ್ನೆಗಳ ಒಂದು ಪಟ್ಟಿಯೂ ಇದೆ, 'ಈಟ್-10' ಎನ್ನುತ್ತಾರೆ, 2008ರಿಂದ ಬಳಕೆಯಲ್ಲಿದೆ. ನುಂಗುವ ತೊಂದರೆಯಿಂದ ತೂಕ ಇಳಿದಿದೆಯೇ, ನೀರು ಕುಡಿಯಲು ಕಷ್ಟವೇ, ಗಟ್ಟಿ ಪದಾರ್ಥಕ್ಕೆ ಕಷ್ಟವೇ, ಮಾತ್ರೆ ನುಂಗಲು ಕಷ್ಟವೇ, ನೋವಿದೆಯೇ, ಉಂಡದ್ದು ಗಂಟಲಲ್ಲಿ ನಿಲ್ಲುತ್ತದೆಯೇ, ಉಣ್ಣುವಾಗ ಕೆಮ್ಮು ಬರುತ್ತದೆಯೇ ಎಂಬಂಥ ಪ್ರಶ್ನೆಗಳು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು ಮೂರು ಅಥವಾ ಹೆಚ್ಚಾದರೆ ತೋರಿಸಿಕೊಳ್ಳಬೇಕು. ಕೊನೆಯ ಪ್ರಶ್ನೆ ನುಂಗುವುದೇ ಒಂದು ಆತಂಕವಾಗಿದೆಯೇ ಎನ್ನುವುದು. ನಿಮ್ಮ ಪತ್ರ ಓದಿ ನಾನು ಮನಸ್ಸಿನಲ್ಲೇ ಅಂಕ ಹಾಕಿದೆ. ಮಿಕ್ಕ ಒಂಬತ್ತಕ್ಕೆ ಹಾಕಲು ನನಗೆ ಏನೂ ಸಿಗಲಿಲ್ಲ. ಆ ಒಂದಕ್ಕೆ ಮಾತ್ರ ಪೂರ್ತಿ ನಾಲ್ಕು; ಮೂರರ ಗೆರೆ ದಾಟಿಸಿದ್ದು ಆತಂಕವೇ ಹೊರತು ಗಂಟಲಲ್ಲ.

ಹಾಗೆಂದು ಗಂಟಲಿನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮೂರು ವಾರ ಎಣಿಸುವುದನ್ನು ಬಿಟ್ಟುಬಿಡಿ. ಏನೋ ನಿಂತಿದೆ ಅನ್ನಿಸಿದಾಗ ಬರಿದೇ ನುಂಗಬೇಡಿ, ಒಂದು ಗುಟುಕು ನೀರು ಕುಡಿಯಿರಿ, ಎದ್ದು ಒಂದು ಕೆಲಸಕ್ಕೆ ಹೋಗಿ. ಗಂಟಲು ಕ್ಯಾಕರಿಸುವುದನ್ನೂ ನಿಲ್ಲಿಸಿ, ಅದು ಬಿಗಿತವನ್ನು ಹೆಚ್ಚಿಸುತ್ತದೆ. ಉಂಡ ಕೂಡಲೇ ಮಲಗಬೇಡಿ, ಹುಳಿತೇಗು ಮೇಲೆ ಬಂದರೂ ಹೀಗೇ ಅನ್ನಿಸುವುದುಂಟು. ಮೂರು ವಾರದ ಮೇಲೂ ಹಾಗೇ ಇದ್ದರೆ ಕಿವಿ ಮೂಗು ಗಂಟಲು ತಜ್ಞರು ಸಣ್ಣ ನಳಿಕೆಯ ಕ್ಯಾಮೆರಾದಲ್ಲಿ ಒಮ್ಮೆ ನೋಡಲಿ. ಆದರೆ ಗಟ್ಟಿ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳತೊಡಗಿದರೆ, ಒಂದೇ ಕಡೆ ನೋವು ಬಂದು ಕಿವಿಗೆ ಹರಿದರೆ, ದನಿ ಒಡೆದು ಸರಿಯಾಗದಿದ್ದರೆ, ಕತ್ತಿನಲ್ಲಿ ಗಂಟು ಸಿಕ್ಕಿದರೆ, ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಮೂರು ವಾರ ಕಾಯಬೇಡಿ, ಆ ವಾರವೇ ಹೋಗಿ. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಇನ್ನೂ ಬೇಗ. ನೀವು ಬರೆದಿಲ್ಲ, ಆದರೆ ಮಲೆನಾಡಿನ ಅಂಚಿನ ಊರುಗಳಲ್ಲಿ ಅಡಿಕೆಯಿಂದ ಕೆನ್ನೆಯ ಒಳಪದರ ಹುರಿಗಟ್ಟಿ, ಬಾಯಿ ಮೂರು ಬೆರಳಗಲ ತೆರೆಯಲಾಗದೆ ಬಂದವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಅಗಿಯುವುದೂ ಕಷ್ಟ, ಆಮೇಲೆ ಬರಬಹುದಾದದ್ದು ಅದಕ್ಕಿಂತ ಕಷ್ಟ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನೀವು ಪತ್ರದ ಕೊನೆಗೆ ನಾಲ್ಕೈದು ಸಾಲಿನಲ್ಲಿ ಬರೆದಿರಿ, ಆದರೆ ಪತ್ರ ಬರೆಸಿದ್ದು ಅದೇ ಎಂದು ನನಗೆ ಅನ್ನಿಸಿತು.

ಲಕ್ವ ಹೊಡೆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನುಂಗುವುದು ಕೆಡುತ್ತದೆ. ಆಗಲೇ ಹೇಳಿದ ಆ ಒಂದು ಸೆಕೆಂಡಿನ ಕೆಲಸದಲ್ಲಿ ಯಾವುದೋ ಒಂದು ತಡವಾಗುತ್ತದೆ. ಬಾಗಿಲು ಹಾಕಿಕೊಳ್ಳುವ ಮೊದಲೇ ನೀರು ಒಳಗೆ ಇಳಿದಿರುತ್ತದೆ. ಗಂಜಿ, ನೀರು, ಎಳನೀರಿನಂಥ ತೆಳ್ಳನೆಯದು ಎಲ್ಲಕ್ಕಿಂತ ಬೇಗ ಇಳಿಯುತ್ತದೆ. ಇದು ತಿಳಿಯದವರಿಗೆ ನಂಬಲು ಕಷ್ಟ. ಕಾಯಿಲೆಯವರಿಗೆ ಗಂಜಿಗಿಂತ ಹಗುರ ಯಾವುದಿದೆ ಎಂದು ನಾವೆಲ್ಲ ಕಲಿತು ಬಂದವರು. ಕೆಮ್ಮಿದಾಗ ನೆತ್ತಿ ತಟ್ಟುವುದೂ ನಮ್ಮ ಅಜ್ಜಿಯರು ಕಲಿಸಿದ್ದೇ. ಯಾರೋ ನೆನೆಸಿಕೊಂಡರು ಎನ್ನುವ ಮಾತೂ ಅದರ ಜೊತೆಗೇ ಬರುತ್ತದೆ. ಕೆಲವರಲ್ಲಿ ಆ ಕೆಮ್ಮೂ ಬರುವುದಿಲ್ಲ, ಗಂಟಲಿನ ಅರಿವೇ ಮರಗಟ್ಟಿ ಎಲ್ಲ ಮೌನವಾಗಿ ಒಳಗೆ ಇಳಿಯುತ್ತದೆ. ಅದಕ್ಕೇ ಎಕ್ಸ್-ರೇ ಕೆಳಗೆ ಬೇರಿಯಂ ಬೆರೆಸಿದ ತುತ್ತು ಕೊಟ್ಟು ಚಲಿಸುವ ಚಿತ್ರ ತೆಗೆಯುವ ಪರೀಕ್ಷೆ, ಮೂಗಿನಿಂದ ಕ್ಯಾಮೆರಾ ಇಳಿಸಿ ನುಂಗುವುದನ್ನು ಮೇಲಿಂದ ನೋಡುವ ಪರೀಕ್ಷೆ ಬಂದವು. ಎರಡನೆಯದನ್ನು ಸೂಸನ್ ಲ್ಯಾಂಗ್‌ಮೋರ್ ಮತ್ತು ಜೊತೆಯವರು 1988ರಲ್ಲಿ ಮೊದಲು ವಿವರಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈಗ ನುಂಗುವ ತೊಂದರೆಗೆಂದೇ ಕೇಂದ್ರವಿದೆ.

ನಿಮಗೆ ಯಾರೂ ಹೇಳಲಿಲ್ಲ. ಮಂಚವನ್ನು ಎತ್ತರಿಸಿ ಕೂರಿಸಿ, ತಲೆ ಹಿಂದಕ್ಕೆ ಬೀಳದ ಹಾಗೆ ನೋಡಿಕೊಳ್ಳಿ, ಅರ್ಧ ಚಮಚ ಕೊಟ್ಟು ನುಂಗಿದ್ದಾರೆಯೇ ನೋಡಿ, ಕೆಮ್ಮಿದರೆ ನಿಲ್ಲಿಸಿ ನಮ್ಮನ್ನು ಕರೆಯಿರಿ, ದಿನಕ್ಕೆರಡು ಸಲ ಬಾಯಿ ಒರೆಸಿ. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ಅದನ್ನು ಹೇಳಬೇಕಾದವರು ಹೇಳಲಿಲ್ಲ ಎನ್ನುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಆದರೆ ಹದಿನೆಂಟು ದಿನ ನೀವು ಕೊಟ್ಟ ಗಂಜಿಯೇ ಅವರನ್ನು ಕೊಂಡೊಯ್ದಿತು ಎಂದು ಯಾರೂ ಹೇಳಲಾರರು. ಒಂದು ಚಮಚ ಆಹಾರ ಕೊಡದಿದ್ದರೂ ಅವರವರ ಉಗುಳೇ ರಾತ್ರಿಯಿಡೀ ಒಳಗೆ ಇಳಿಯುತ್ತಿರುತ್ತದೆ, ಬಾಯಲ್ಲಿರುವ ಸೂಕ್ಷ್ಮಜೀವಿಗಳನ್ನು ಕರೆದುಕೊಂಡು. ಮಲಗೇ ಇರುವುದು, ಕೆಮ್ಮುವ ಶಕ್ತಿ ಇಲ್ಲದಿರುವುದು ಎಲ್ಲವೂ ಸೇರಿ ನ್ಯುಮೋನಿಯಾ ಆಗುತ್ತದೆ. ನಳಿಕೆಯಲ್ಲಿ ಆಹಾರ ಕೊಟ್ಟವರಲ್ಲೂ ಆಗಿದ್ದನ್ನು ನಾನು ನೋಡಿದ್ದೇನೆ. ಹಸಿದಿದ್ದಾರೆಂದು ತಿಳಿದು ಉಣಿಸಿದ ಕೈ ನಿಮ್ಮದು. ಅಷ್ಟನ್ನು ನೀವು ನಂಬಬಹುದು.

ಮತ್ತೆ, ಅಮ್ಮನಿಂದ ನಿಮಗೆ ಬರಬಹುದಾದದ್ದು ಗಂಟಲಲ್ಲ. ಲಕ್ವಕ್ಕೆ ದಾರಿ ಮಾಡುವ ಬಿಪಿ, ಶುಗರ್ ಮನೆತನದಲ್ಲಿ ಹರಿದು ಬರುತ್ತವೆ. ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಆತಂಕ ತಂದ ವಾಕ್ಯ ಅದೊಂದೇ. 57 ವರ್ಷ, ತಾಯಿಗೆ ಲಕ್ವ. ಈ ವಾರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ ನೋಡಿಸಿ, ಬರಿಹೊಟ್ಟೆಯ ಶುಗರ್ ಮಾಡಿಸಿ. ಉಗುಳು ನುಂಗಿದ ಲೆಕ್ಕಕ್ಕಿಂತ ಆ ಎರಡು ಅಂಕಿ ನನಗೆ ಬೇಕು. ಹಾಗೆಯೇ ಹಲ್ಲಿನ ವೈದ್ಯರ ಹತ್ತಿರ ಎಡಗಡೆಯ ಖಾಲಿ ಜಾಗ ತೋರಿಸಿ. ತೆಗೆದು ಹಾಕುವ ಹಲ್ಲೋ ಕಟ್ಟಿದ ಹಲ್ಲೋ, ನಿಮ್ಮ ಕೈಗೆಟುಕುವುದು ಯಾವುದೋ ಅದನ್ನು ಹಾಕಿಸಿಕೊಂಡರೆ ಮುಂದಿನ ಇಪ್ಪತ್ತು ವರ್ಷದ ಊಟ ಚೆನ್ನಾಗಿರುತ್ತದೆ. ತಡಮಾಡಿದಷ್ಟೂ ಮೇಲಿನ ಹಲ್ಲು ಕೆಳಕ್ಕೆ ಜಾರಿ ಕಟ್ಟುವುದೇ ಕಷ್ಟವಾಗುತ್ತದೆ.

ಮಗಳಿಗೆ ಹೇಳಿಲ್ಲ ಎಂದಿರಿ. ಹೇಳಿ. ಪರೀಕ್ಷೆ ಮುಗಿಯುವವರೆಗೆ ಬೇಕಾದರೆ ಕಾಯಿರಿ, ಆದರೆ ಹೇಳಿ. ನೋಟ್‌ಬುಕ್ ನೋಡಿದ್ದನ್ನೂ ಹೇಳಿ. ಕಾಯಿಲೆಯಿಲ್ಲದವರನ್ನು ಕೂರಿಸಿ ಅಳೆದ ಮೇಲೆ, ಅಂಕಿ ಏನೆಂದು ಅವರಿಗೆ ಅರ್ಥವಾಗುವ ಹಾಗೆ ಎರಡು ಮಾತು ಹೇಳಿ ಕಳಿಸಬೇಕು ಎನ್ನುವುದನ್ನು ಅವಳು ಪುಸ್ತಕದಿಂದ ಕಲಿಯುವುದಕ್ಕಿಂತ ನಿಮ್ಮಿಂದ ಕಲಿತರೆ ಮರೆಯುವುದಿಲ್ಲ. ಆಮೇಲೆ ಅಜ್ಜಿಯ ಆ ಹದಿನೆಂಟು ದಿನಗಳನ್ನು ಒಂದೂ ಬಿಡದೆ ಅವಳಿಗೆ ಹೇಳಿ: ಯಾವ ಚಮಚ, ಎಷ್ಟು ತೆಳ್ಳಗಿನ ಗಂಜಿ, ಮಂಚ ಎಷ್ಟು ಎತ್ತರ, ಮೊದಲ ಕೆಮ್ಮು ಯಾವತ್ತು ಬಂತು. ಅವಳು ಇನ್ನೊಂದು ವರ್ಷಕ್ಕೆ ಯಾವುದೋ ವಾರ್ಡಿನಲ್ಲಿ ನಿಂತಿರುತ್ತಾಳೆ. ಅಲ್ಲಿ ಮಂಚದ ಪಕ್ಕ ಗಂಜಿ ಲೋಟ ಹಿಡಿದುಕೊಂಡು ಯಾರದೋ ಮಗಳು ಕೂತಿರುತ್ತಾಳೆ.